ವೈರಿನ ಹೊದಿಕೆಯೊಳಗೆ ಅಡಗಿರುವ ನೀರು

ಅಂಗಡಿಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಬಿದ್ದರೆ ನಮ್ಮ ಕಡೆ ಇವತ್ತಿಗೂ ಕೇಳುವ ಮಾತು, ಯಾರದೋ ದೃಷ್ಟಿ ತಾಗಿತು ಅಂತ. ಆಮೇಲೆ ಮೀಟರ್ ಬೋರ್ಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ಅದೇ ಬೋರ್ಡಿನ ಕೆಳಗೆ ಊದುಬತ್ತಿಯನ್ನೂ ಹಚ್ಚಿಡುತ್ತಾರೆ! ಒಳಗೆ ಎಂಥ ವೈರ್ ಇದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಇದು ನಿಜಕ್ಕೂ ಸಂಕಟ ತರುತ್ತದೆ. ಯಾಕೆಂದರೆ ಬೆಂಕಿಯ ಸೊಕ್ಕು ಮುರಿಯುವ ಒಂದು ಬಿಳಿ ಪುಡಿ ನಮ್ಮ ಬೆಳಗಾವಿಯಲ್ಲೇ, ಹಿಂಡಾಲ್ಕೊ ಕಾರ್ಖಾನೆಯಲ್ಲೇ ತಯಾರಾಗುತ್ತದೆ.

ಅದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ವೈರಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇದನ್ನು ಬೆರೆಸುತ್ತಾರೆ. ಉದ್ಯಮದವರು ಎಟಿಎಚ್ ಅಂತಾರೆ, ಇಲ್ಲಾ ಸುಮ್ನೆ ಹೈಡ್ರೇಟ್ ಅಂತಾರೆ. ಬಾಕ್ಸೈಟ್ ಎಂಬ ಅಲ್ಯೂಮಿನಿಯಂ ಅದಿರನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಬೇಕು, ಕರಗದೆ ಉಳಿದ ಕೆಂಪು ಕೆಸರನ್ನು ಬೇರೆ ಮಾಡಬೇಕು, ಉಳಿದ ದ್ರಾವಣವನ್ನು ತಣಿಸಿ ಇದರದೇ ಸಣ್ಣ ಹರಳುಗಳನ್ನು ಬೀಜದಂತೆ ಹಾಕಿದರೆ ಇದು ತಳಕ್ಕೆ ಕೂರುತ್ತದೆ. ಈ ವಿಧಾನ ಕಂಡುಹಿಡಿದವನು ಕಾರ್ಲ್ ಜೋಸೆಫ್ ಬಾಯರ್ ಎಂಬ ರಸಾಯನಶಾಸ್ತ್ರಜ್ಞ, 1880ರ ದಶಕದ ಕೊನೆಯಲ್ಲಿ, ರಷ್ಯಾದಲ್ಲಿ. ಅವನ ತಲೆಯಲ್ಲಿ ಇದ್ದದ್ದು ಅಲ್ಯೂಮಿನಿಯಂ ಪಾತ್ರೆಯೂ ಅಲ್ಲ, ಬೆಂಕಿಯೂ ಅಲ್ಲ. ಹತ್ತಿ ಬಟ್ಟೆಗೆ ಬಣ್ಣ ಕಚ್ಚಿಸುವವರಿಗೆ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಬೇಕಿತ್ತು, ಅಷ್ಟೇ. ಅಲ್ಯೂಮಿನಿಯಂ ಇರುವ ಪಟಿಕ ಹಾಕಿ ಬಣ್ಣ ನಿಲ್ಲಿಸುವುದು ಇಳಕಲ್ ಕಡೆಯ ಓದುಗರಿಗೆ ಹೊಸ ವಿಷಯ ಅಲ್ಲ ಅಲ್ವಾ?

ಈಗ ನನಗೆ ತುಂಬಾ ಇಷ್ಟವಾದ ಭಾಗ. ಈ ಪುಡಿ ಮುಟ್ಟಿದರೆ ಪೂರ್ತಿ ಒಣ. ಆದರೂ ಒಂದು ಕಿಲೋದಿಂದ ಸುಮಾರು 346 ಗ್ರಾಂ ನೀರು ಹೊರಡಿಸಬಹುದು. ಒಳಗೆ ಅದು ನೀರಾಗಿ ಇಲ್ಲ. ಆಮ್ಲಜನಕ, ಜಲಜನಕಗಳು ಜೋಡಿಯಾಗಿ ಅಲ್ಯೂಮಿನಿಯಂಗೆ ಬಿಗಿಯಾಗಿ ಹೆಣೆದುಕೊಂಡಿವೆ. ಶಾಖ 200 ಡಿಗ್ರಿ ದಾಟಿದ ಮೇಲೆ ಈ ಹೆಣಿಗೆ ಬಿಚ್ಚಿಕೊಳ್ಳುತ್ತದೆ, ನೀರು ಹುಟ್ಟುತ್ತದೆ, ಹುಟ್ಟಿದ ಕ್ಷಣವೇ ಆವಿಯಾಗುತ್ತದೆ. ಹೆಣಿಗೆ ಬಿಚ್ಚುವುದಕ್ಕೂ ಶಾಖ ಬೇಕು, ಆವಿಯಾಗುವುದಕ್ಕೂ ಬೇಕು, ಎರಡನ್ನೂ ಬೆಂಕಿಯೇ ಕೊಡಬೇಕು. ಒಂದು ಗ್ರಾಂ ಪುಡಿ ಒಂದು ಕಿಲೋಜೂಲಿಗಿಂತ ಜಾಸ್ತಿ ಶಾಖ ನುಂಗುತ್ತದೆ. ಒಂದು ಕಿಲೋ ಪುಡಿ ನುಂಗುವ ಶಾಖದಲ್ಲಿ ಮೂರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು.

ಜೋಳದ ರೊಟ್ಟಿ ಬಡಿದು ಹೆಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರುತ್ತೇವಲ್ಲ, ಆ ನೀರಿನ ಪಸೆ ಆರುವ ತನಕ ಆ ಮೈ ಸೀಯುವುದಿಲ್ಲ. ಬಂದ ಶಾಖವೆಲ್ಲ ನೀರನ್ನು ಓಡಿಸುವುದರಲ್ಲೇ ಖರ್ಚಾಗುತ್ತದೆ. ವೈರಿನ ಹೊದಿಕೆಯಲ್ಲೂ ಅದೇ. ಅದರ ಮೇಲೆ ಇಲ್ಲಿ ಇನ್ನೆರಡು ಲಾಭ ಇವೆ: ಆವಿಯು ಪ್ಲಾಸ್ಟಿಕ್‌ನಿಂದ ಏಳುವ ಉರಿಯುವ ಅನಿಲವನ್ನು ತೆಳುವಾಗಿಸುತ್ತದೆ, ಉಳಿದ ಅಲ್ಯೂಮಿನಾ ಪದರವಾಗಿ ಮೇಲೆ ಕೂತು ಒಳಗಿನ ಪ್ಲಾಸ್ಟಿಕ್‌ಗೆ ಶಾಖ ತಟ್ಟದಂತೆ ತಡೆಯುತ್ತದೆ. ಹೊಗೆಯೂ ಕಡಿಮೆ.

ಹೊಗೆಯ ಮಾತು ದೊಡ್ಡದು. ಬೆಂಕಿ ಅವಘಡದಲ್ಲಿ ಜನ ಸುಟ್ಟು ಸಾಯುತ್ತಾರೆ ಅಂತ ನಾವು ಅಂದುಕೊಂಡಿದ್ದೇವೆ. ಬಹಳ ಸಲ ಅವರನ್ನು ಕೊಲ್ಲುವುದು ಹೊಗೆ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ ಎದ್ದಾಗ 59 ಜನ ಸತ್ತರು, ಉಸಿರುಗಟ್ಟಿ.

ಹಳೆಯ ಉಪಾಯ ಕ್ಲೋರಿನ್, ಬ್ರೋಮಿನ್, ಅಂದರೆ ಹ್ಯಾಲೊಜನ್‌ಗಳು. ಇವು ಜ್ವಾಲೆಯೊಳಗೇ ನುಗ್ಗಿ, ಉರಿಯನ್ನು ಮುಂದುವರಿಸುವ ಚುರುಕು ಕಣಗಳನ್ನು ಹಿಡಿದು ಸುಮ್ಮನಾಗಿಸುತ್ತವೆ. ಸ್ವಲ್ಪ ಹಾಕಿದರೂ ಸಾಕು, ಅಷ್ಟು ಪರಿಣಾಮ. ವೈರಿಗೆ ಹೊದಿಸುವ ಮಾಮೂಲಿ ಪ್ಲಾಸ್ಟಿಕ್ ಪಿವಿಸಿ. ಶುದ್ಧ ಪಿವಿಸಿಯ ತೂಕದಲ್ಲಿ ಸುಮಾರು 57 ಶೇಕಡ ಕ್ಲೋರಿನ್ನೇ ಇರುವುದರಿಂದ ಅದು ತಾನಾಗಿ ಬೇಗ ಹೊತ್ತಿಕೊಳ್ಳುವುದಿಲ್ಲ. ಆದರೆ ದೊಡ್ಡ ಬೆಂಕಿಗೆ ಸಿಕ್ಕರೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಕಣ್ಣು, ಮೂಗಿನ ತೇವ ತಾಗಿದ ಕೂಡಲೇ ಅದು ಆಮ್ಲ. ದಾರಿ ಹುಡುಕಬೇಕಾದವನು ಕಣ್ಣೇ ತೆರೆಯಲಾರ. ಬ್ರೋಮಿನ್ ಕಥೆ ಇನ್ನೊಂದು ಥರ. 1973ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬ್ರೋಮಿನ್ ಇರುವ ಇಂಥದ್ದೊಂದು ಅಗ್ನಿನಿರೋಧಕ ತಪ್ಪಿ ದನದ ಮೇವಿಗೆ ಸೇರಿತು. ಸಾವಿರಾರು ದನಗಳನ್ನು ಕೊಂದು ಹೂಳಬೇಕಾಯಿತು, ಅಷ್ಟರಲ್ಲಿ ಹಾಲು, ಮಾಂಸದ ಮೂಲಕ ಅದು ಜನರ ಮೈಗೂ ಸೇರಿತ್ತು. ಕೊಬ್ಬಿನಲ್ಲಿ ಕೂತರೆ ಇವು ವರ್ಷಗಟ್ಟಲೆ ಹೋಗುವುದಿಲ್ಲ. ಈ ಜಾತಿಯ ಹಲವು ರಾಸಾಯನಿಕಗಳನ್ನು 2009ರಿಂದ ಈಚೆಗೆ ಬೇಗ ಕರಗಿಹೋಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಿದ್ದಾರೆ.

ಹಾಗಂತ ಹೈಡ್ರೇಟ್ ಎಲ್ಲದಕ್ಕೂ ಮದ್ದಲ್ಲ. ಹೊದಿಕೆಯ ತೂಕದ ಸುಮಾರು 60 ಶೇಕಡ ಪುಡಿಯೇ ಆಗಬೇಕು. ಅಷ್ಟು ತುಂಬಿದರೆ ಪ್ಲಾಸ್ಟಿಕ್ ಬಿರುಸಾಗುತ್ತದೆ, ಮಡಚಿದರೆ ಬಿರುಕು ಬಿಡಬಹುದು, ಅದಕ್ಕೆ ಪುಡಿಯ ಕಣಗಳು ಪ್ಲಾಸ್ಟಿಕ್ಕಿಗೆ ಚೆನ್ನಾಗಿ ಅಂಟಲಿ ಅಂತ ಸಿಲೇನ್ ಎಂಬ ರಾಸಾಯನಿಕವನ್ನು ಲೇಪಿಸುತ್ತಾರೆ. ಇನ್ನೊಂದು ತೊಡಕು ಶಾಖದ್ದು. ನೈಲಾನ್ ಕರಗಿಸಲು 250 ಡಿಗ್ರಿಯ ಆಸುಪಾಸು ಬೇಕು. ಅಲ್ಲಿ ಹೈಡ್ರೇಟ್ ಹಾಕಿದರೆ ಯಂತ್ರದಲ್ಲೇ ನೀರು ಬಿಟ್ಟು ಮಾಲೆಲ್ಲ ಗುಳ್ಳೆ. ಇನ್ನೂ ಜಾಸ್ತಿ ತಾಳಬೇಕೆಂದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇದೆ, ಅದು 300 ಡಿಗ್ರಿ ದಾಟುವ ತನಕ ನೀರು ಬಿಡುವುದಿಲ್ಲ. ನೈಲಾನಿಗೆ ಹೆಚ್ಚಾಗಿ ರಂಜಕದ ಸಂಯುಕ್ತಗಳನ್ನೋ ಸಾರಜನಕ ಹೆಚ್ಚಿರುವ ಮೆಲಮಿನ್ ಸಯನುರೇಟನ್ನೋ ಬಳಸುತ್ತಾರೆ. ರಂಜಕದ ದಾರಿ ಹಳೆಯದೇ: 1821ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ ನಾಟಕಶಾಲೆಯ ಪರದೆಗಳಿಗೆ ಅಮೋನಿಯಂ ಫಾಸ್ಫೇಟ್ ಹಚ್ಚಿ ನೋಡಿದ್ದ. ಅದು ಉರಿಯುವ ವಸ್ತುವನ್ನು ಅನಿಲವಾಗಲು ಬಿಡದೆ ಇದ್ದಿಲಾಗಿಸುತ್ತದೆ.

ಇವುಗಳಲ್ಲಿ ಯಾವುದನ್ನು ಹಾಕಿದರೂ ಪ್ಲಾಸ್ಟಿಕ್ ಬೆಂಕಿಗೆ ಅಂಜದ ವಸ್ತುವಾಗುವುದಿಲ್ಲ. ಹೊತ್ತುವುದು ತಡ, ಹರಡುವುದು ನಿಧಾನ. ಆ ತಡದಲ್ಲೇ ಜನ ಹೊರಗೆ ಬರಬೇಕು.

ವೈರ್ ಕೊಳ್ಳುವಾಗ ಸುರುಳಿಯ ಮೇಲಿನ ಅಕ್ಷರ ಓದಿ. ಎಫ್‌ಆರ್ (ಫ್ಲೇಮ್ ರಿಟಾರ್ಡೆಂಟ್, ಅಂದರೆ ಉರಿಯನ್ನು ತಡೆಯುವಂಥದ್ದು) ಅಂತ ಮಾತ್ರ ಇದ್ದರೆ ಅದು ಸಾಮಾನ್ಯವಾಗಿ ಪಿವಿಸಿ. ಎಚ್‌ಎಫ್‌ಎಫ್‌ಆರ್ ಅಂತ ಇದ್ದರೆ ಹ್ಯಾಲೊಜನ್ ಇಲ್ಲದ್ದು, ಅದಕ್ಕೆ ಐಎಸ್ 17048 ಎಂಬ ಭಾರತೀಯ ಮಾನಕವಿದೆ, 2018ರದು. ಬೆಲೆ ಜಾಸ್ತಿ, ಒಪ್ಪುತ್ತೇನೆ. ಎಲ್ಲ ಕಡೆ ಆಗದಿದ್ದರೂ ಇಳಿಯಲು ಒಂದೇ ಮೆಟ್ಟಿಲ ದಾರಿ ಇರುವ ಕಟ್ಟಡ, ಕಿಟಕಿಯಿಲ್ಲದ ಗೋದಾಮು, ಆಸ್ಪತ್ರೆ, ಹಾಸ್ಟೆಲ್, ಇಂಥ ಕಡೆ ಇದನ್ನೇ ಎಳೆಸಿ.