ಕಾಳಿಟ್ಟರೆ ಹಕ್ಕಿ ವಲಸೆ ಮರೆಯುತ್ತದಾ?

ಪ್ರಶ್ನೆ: ಚಳಿಗಾಲಕ್ಕೆಂದು ಹಿತ್ತಲಲ್ಲಿ ಫೀಡರ್ (ಹಕ್ಕಿಗಳಿಗೆ ಕಾಳು ತುಂಬಿಡುವ ಪಾತ್ರೆ) ತೂಗುಹಾಕಿದ್ದೇನೆ. ಹೀಗೆ ಕೂತಲ್ಲೇ ತಿನ್ನಲು ಸಿಕ್ಕರೆ ಹಕ್ಕಿಗಳು ದಕ್ಷಿಣಕ್ಕೆ ಹೋಗದೆ ಇಲ್ಲೇ ಉಳಿದು ಚಳಿಗೆ ಸತ್ತರೆ?

ಆ ಭಯ ಬೇಡ. ಫೀಡರ್ ಬಿಟ್ಟು ಒಮ್ಮೆ ಕಡಲ ಕಡೆ ನೋಡಿ. ಚಳಿ ಶುರುವಾದರೆ ಉತ್ತರ ಅಮೆರಿಕದ ತೀರಗಳಿಗೆ ಬಫಲ್‌ಹೆಡ್, ಗೋಲ್ಡನ್‌ಐ ಬಾತುಗಳು, ಲೂನ್ ಎಂಬ ನೀರುಹಕ್ಕಿಗಳು ಬಂದಿಳಿಯುತ್ತವೆ. ಅವಕ್ಕೆ ಯಾರೂ ಕಾಳು ಹಾಕಿ ಕರೆದಿಲ್ಲ ಅಲ್ವಾ? ಒಳನಾಡಿನ ಕೆರೆಗಳು ಹೆಪ್ಪುಗಟ್ಟುತ್ತವೆ, ಉಪ್ಪುನೀರು ಅಷ್ಟು ಸುಲಭಕ್ಕೆ ಹೆಪ್ಪುಗಟ್ಟದು. ಅದಕ್ಕೇ ಬರುತ್ತವೆ.

ದೂರ ಹೋಗುವ ನೆಲದ ಹಕ್ಕಿಗಳಿಗೆ ಹೊರಡುವ ಹೊತ್ತು ತಿಳಿಸುವುದು ಮುಖ್ಯವಾಗಿ ಹಗಲು, ಹೊಟ್ಟೆಯಲ್ಲ. ಹಗಲು ಕಿರಿದಾಗುತ್ತಾ ಬಂದಂತೆ ಮೈಯಲ್ಲಿ ಕೊಬ್ಬು ಕೂಡುತ್ತದೆ, ರಾತ್ರಿ ಚಡಪಡಿಕೆ ಹತ್ತುತ್ತದೆ. ಪಂಜರದಲ್ಲಿ ಹೊಟ್ಟೆತುಂಬ ತಿಂದ ವಲಸೆ ಹಕ್ಕಿಯೂ ಆ ಕಾಲ ಬಂದರೆ ನಿದ್ದೆಗೆಟ್ಟು ರೆಕ್ಕೆ ಬಡಿಯುತ್ತದೆ.

ಹಾಗಾದರೆ ಫೀಡರ್‌ಗೆ ಬರುವವು ಯಾರು? ಬಹುಪಾಲು ಎಲ್ಲಿಗೂ ಹೋಗದವೇ. ಉತ್ತರ ಅಮೆರಿಕದ ಪುಟ್ಟ ಹಕ್ಕಿ, ಕಪ್ಪು ಟೋಪಿಯ ಚಿಕಡೀಯನ್ನೇ ನೋಡಿ. ತೂಕ ಸುಮಾರು 11 ಗ್ರಾಂ. ಒಂದೇ ಒಂದು ಸೂರ್ಯಕಾಂತಿ ಬೀಜ ಕಚ್ಚಿಕೊಂಡು ಕೊಂಬೆಗೆ ಹಾರುತ್ತದೆ. ಕಾಲಡಿ ಒತ್ತಿಹಿಡಿದು ಟಕಟಕ ಕುಟ್ಟಿ ಒಡೆಯುತ್ತದೆ. ಇಲ್ಲವೇ ತೊಗಟೆಯ ಸಂದಿಗೆ ತುರುಕಿ, ಮತ್ತೊಂದಕ್ಕೆ ಬರುತ್ತದೆ. ಕೊರೆಯುವ ರಾತ್ರಿಗಳಲ್ಲಿ ಮೈಬಿಸಿಯನ್ನೇ ಇಳಿಸಿಕೊಂಡು ಕೊಬ್ಬು ಉಳಿಸುತ್ತದೆ. ಇಂಥದ್ದು ನಿಮ್ಮ ಕಾಳನ್ನೇ ನಂಬಿ ಕೂತಿರುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಫೀಡರ್ ರೂಢಿಯಾಗಿದ್ದ ಚಿಕಡೀಗಳಿಗೆ ಅದನ್ನು ತೆಗೆದು ನೋಡಿದರು. ಫೀಡರ್ ಕಾಣದ ಚಿಕಡೀಗಳಷ್ಟೇ ಇವೂ ಬದುಕುಳಿದವು. ಆದರೆ ವಿಪರೀತ ಚಳಿಯ ದಿನಗಳಲ್ಲಿ ಕಾಳಿದ್ದರೆ ಅವಕ್ಕೆ ನಿಜಕ್ಕೂ ಅನುಕೂಲ. ಊರಿಗೆ ಹೋಗುವುದಿದ್ದರೆ ಅಂಥ ಚಳಿಯ ವಾರ ತಪ್ಪಿಸಿ ಹೋಗಿ.

ನಿಮ್ಮ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಮಧ್ಯ ಯುರೋಪಿನ ಬ್ಲ್ಯಾಕ್‌ಕ್ಯಾಪ್ ಹಕ್ಕಿಗಳಲ್ಲಿ ಕೆಲವು ಈಗ ದಕ್ಷಿಣಕ್ಕೆ ಹೋಗದೆ ಬ್ರಿಟನ್ನಿನ ಹಿತ್ತಲುಗಳಿಗೆ ಚಳಿಗಾಲ ಕಳೆಯಲು ಬರುತ್ತವೆ. ಅಲ್ಲಿನ ಫೀಡರ್‌ಗಳ ಪಾಲು ಇದರಲ್ಲಿದೆ. ಆದರೂ ಗಮನಿಸಿ, ವಲಸೆ ನಿಲ್ಲಿಸಿಲ್ಲ, ದಿಕ್ಕು ಬದಲಿಸಿವೆ ಅಷ್ಟೆ.

ನನ್ನ ಕೇಳಿದರೆ, ಚಿಂತೆ ಮಾಡಬೇಕಾದ್ದು ಕೊಳೆಯ ಬಗ್ಗೆ. ಒದ್ದೆಯಾಗಿ ಬೂಷ್ಟು ಹಿಡಿದ ಕಾಳು, ಹಿಕ್ಕೆ ಮೆತ್ತಿದ ತಟ್ಟೆಯಿಂದ ರೋಗ ಹರಡುತ್ತದೆ. ಎರಡು ವಾರಕ್ಕೊಮ್ಮೆ ಫೀಡರ್ ಇಳಿಸಿ ತಿಕ್ಕಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ತುಂಬಿ.