ಸಮಯ ಹೇಳುವ ದನಿ ದಿನವಿಡೀ ಕೂತು ಓದಿದ್ದಲ್ಲ

ಪ್ರಶ್ನೆ: ಬ್ರಿಟನ್ನಿನಲ್ಲಿ ಫೋನ್ ಮಾಡಿದರೆ ಸಮಯ ಹೇಳುತ್ತದಲ್ಲ, ಆ ದನಿಯಾಗಲು ಏನು ಮಾಡಬೇಕು? ದಿನದ ಪ್ರತಿಯೊಂದು ಸಮಯವನ್ನೂ ಓದಿಸುತ್ತಾರಂತೆ, ನಿಜವೇ?

ಮೊದಲನೆಯದಕ್ಕೆ ಉತ್ತರ ಚಿಕ್ಕದು: ಆಯ್ಕೆಯ ಸ್ಪರ್ಧೆ ನಡೆದರೆ ಗೆಲ್ಲಬೇಕು. 1936ರ ಜುಲೈ 24ರಂದು ಸೇವೆ ಶುರುವಾದಾಗ ಕೇಳಿಸಿದ್ದು ಎಥೆಲ್ ಕೇನ್ ಎಂಬ ಟೆಲಿಫೋನ್ ಆಪರೇಟರ್ ದನಿ. ಅಲ್ಲಿಂದ 2016ರಲ್ಲಿ ಬಂದ ಅಲನ್ ಸ್ಟೆಡ್‌ಮನ್‌ವರೆಗೆ ಕಾಯಂ ದನಿಗಳು ಐದೇ ಐದು.

ಎರಡನೆಯದು ಎಷ್ಟು ಸಲ ಹೇಳಿದರೂ ಸಾಯದ ನಂಬಿಕೆ. ಒಮ್ಮೆ ಲೆಕ್ಕ ಹಾಕಿ ನೋಡಿ. ಹತ್ತು ಸೆಕೆಂಡಿಗೊಂದು ಘೋಷಣೆ ಎಂದರೆ ದಿನಕ್ಕೆ 8,640. ಹನ್ನೆರಡು ಗಂಟೆಯ ಗಡಿಯಾರವಾದ್ದರಿಂದ ಬೇರೆಬೇರೆ ವಾಕ್ಯಗಳು 4,320. ಇಷ್ಟನ್ನು ಯಾರೂ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ವಾಕ್ಯದ ತುಂಡುಗಳನ್ನಷ್ಟೇ ಓದಿಸಿ ಮುದ್ರಿಸಿಕೊಂಡರೆ ಸಾಕು, ಜೋಡಿಸುವುದು ಯಂತ್ರದ ಕೆಲಸ. ಗಂಟೆ ಹೇಳಲು 12 ತುಂಡು, ನಿಮಿಷ ಹೇಳಲು 59, ಸೆಕೆಂಡು ಹೇಳಲು ಹತ್ತರಿಂದ ಐವತ್ತರವರೆಗೆ ಐದು, ಮೇಲೆ 'ಅಟ್ ದ ಥರ್ಡ್ ಸ್ಟ್ರೋಕ್' (ಮೂರನೆಯ ಬಡಿತಕ್ಕೆ), 'ಓ ಕ್ಲಾಕ್', 'ಪ್ರಿಸೈಸ್ಲಿ' (ಸರಿಯಾಗಿ) ಥರದ ಮೂರ್ನಾಲ್ಕು. ಒಟ್ಟು ಎಂಬತ್ತರ ಆಸುಪಾಸು. ಮೊದಲ ಯಂತ್ರದಲ್ಲಿ ಈ ತುಂಡುಗಳು ತಿರುಗುವ ಗಾಜಿನ ತಟ್ಟೆಗಳ ಮೇಲಿದ್ದವು, ಸಿನಿಮಾ ರೀಲಿನ ಅಂಚಿನ ಧ್ವನಿಪಟ್ಟಿಯ ಹಾಗೆ. ಬೆಳಕು ಹಾಯಿಸಿ ಓದಿಸುತ್ತಿದ್ದರು.

ಕಷ್ಟ ಇರುವುದು ಎಣಿಕೆಯಲ್ಲಲ್ಲ, ಬೆಸುಗೆಯಲ್ಲಿ. ಗಂಟೆಯ ತುಂಡು ಯಾವಾಗಲೂ ವಾಕ್ಯದ ನಡುವೆ ಬರುತ್ತದೆ, ಹಾಗಾಗಿ ಅಲ್ಲಿ ದನಿ ಇಳಿಯಕೂಡದು. ಇಳಿಸಿದರೆ ಮಾತು ಮುಗಿದಂತೆ ಕೇಳಿಸುತ್ತದೆ. ಇಳಿಯಬೇಕಾದದ್ದು ಕೊನೆಯ ತುಂಡಿನಲ್ಲಿ ಮಾತ್ರ. ಮೈಕಿನಿಂದ ಬಾಯಿಯ ದೂರ ನಾಲ್ಕು ಬೆರಳು ಹೆಚ್ಚುಕಡಿಮೆಯಾದರೂ ಸಾಕು, 'ಟೆನ್' ಪಕ್ಕದ ಕೋಣೆಯಿಂದ ಬಂದ ಹಾಗಿರುತ್ತದೆ. ಬಿಟ್ಟುಹೋದ ಒಂದು ತುಂಡನ್ನು ತಿಂಗಳ ಮೇಲೆ, ನೆಗಡಿಯ ಗಂಟಲಲ್ಲಿ ಓದಿ ಸೇರಿಸಿದರಂತೂ ತೇಪೆ ಎದ್ದು ಕಾಣುತ್ತದೆ.

ಅಂದಹಾಗೆ, ನಿಖರತೆ ಇರುವುದು ದನಿಯಲ್ಲಲ್ಲ. ವಾಕ್ಯ ಹೇಳಿ ಮುಗಿಸಲೇ ಕೆಲವು ಸೆಕೆಂಡು ಬೇಕು, ಅದಕ್ಕೇ ದನಿ ಇನ್ನೂ ಬರಬೇಕಾದ ಸಮಯವನ್ನು ಮುಂಚಿತವಾಗಿ ಹೇಳಿಬಿಡುತ್ತದೆ. ಆಮೇಲೆ ಮೂರು ಪಿಪ್, ಅಂದರೆ ಪುಟ್ಟ ಬೀಪ್ ಸದ್ದು; ಗಡಿಯಾರ ಕೂಡಿಸಿಕೊಳ್ಳಬೇಕಾದದ್ದು ಮೂರನೆಯದಕ್ಕೆ.

ಇದನ್ನೇ ಕನ್ನಡದಲ್ಲಿ ಮಾಡಿದರೆ? ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. 'ಇಪ್ಪತ್ತು', 'ಏಳು' ಎಂದು ಬೇರೆಬೇರೆ ಓದಿಸಿ ತುಂಡು ಉಳಿಸೋಣ ಅಂದರೆ ಆಗದು. ನಮ್ಮ ಬಾಯಲ್ಲಿ ಅದು 'ಇಪ್ಪತ್ತೇಳು'. ಸಂಧಿ ಕತ್ತರಿಗೆ ಸಿಗುವುದಿಲ್ಲ. ರೈಲು ನಿಲ್ದಾಣದ ಘೋಷಣೆಯಲ್ಲಿ ಗಾಡಿ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಹೇಳಿ ಪಾರಾಗಬಹುದು. ನಿಮಿಷವನ್ನು 'ಎರಡು ಏಳು' ಅನ್ನುವ ಹಾಗಿಲ್ಲವಲ್ಲ, ನಿಮಿಷದ ಐವತ್ತೊಂಬತ್ತು ಸಂಖ್ಯೆಗಳನ್ನೂ ಒಂದೊಂದಾಗಿ ಇಡಿಯಾಗಿಯೇ ಓದಿಸಬೇಕು.