ಅಘನಾಶಿನಿ ಅಳಿವೆ: ಕಡಲು ಏರಿದಾಗ ಕೆಸರು ಏರುತ್ತದೆಯೇ?

ಕಡಲಮಟ್ಟ ಏರಿದರೆ ಅಳಿವೆಗೆ, ಅಂದರೆ ನದಿ ಕಡಲನ್ನು ಸೇರುವ ಜಾಗಕ್ಕೆ, ಏನಾಗುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ‘ತೀರ ಮುಳುಗುತ್ತದೆ’ ಎಂದು ಒಂದೇ ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಬೇಡಿ. ಉಬ್ಬರವಿಳಿತದ ನದಿಯಲ್ಲಿ ಮುಳುಗುವುದಕ್ಕಿಂತ ಬಹಳ ಮೊದಲೇ ಉಪ್ಪಿನ ಲೆಕ್ಕ ತಪ್ಪುತ್ತದೆ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯನ್ನು ಕಣ್ಣ ಮುಂದಿಟ್ಟುಕೊಂಡು ಓದೋಣ.

1901ರಿಂದ 2018ರೊಳಗೆ ಜಗತ್ತಿನ ಸರಾಸರಿ ಕಡಲಮಟ್ಟ ಸುಮಾರು 20 ಸೆಂ.ಮೀ., ಅಂದರೆ ಹತ್ತಿರಹತ್ತಿರ ಒಂದು ಗೇಣು ಏರಿದೆ. 2006–2018ರ ನಡುವಿನ ವೇಗ ವರ್ಷಕ್ಕೆ 3.7 ಮಿ.ಮೀ. ಅಳಿವೆಯ ನೆಲ ತಟ್ಟೆಯಂತೆ ಸಪಾಟಾಗಿರುವುದರಿಂದ ಒಂದು ಗೇಣು ನೀರು ಅಡ್ಡಕ್ಕೆ ಬಹುದೂರ ಹಬ್ಬುತ್ತದೆ.

ಉಪ್ಪುನೀರು ಸಿಹಿನೀರಿಗಿಂತ ಭಾರ. ಹಾಗಾಗಿ ಅದು ಬೆಣೆಯಂತೆ ತಳದಲ್ಲಿ ನುಗ್ಗುತ್ತದೆ. ಮಳೆಗಾಲದ ಪ್ರವಾಹ ಅದನ್ನು ಕಡಲಿಗೆ ತಳ್ಳಿದರೆ, ಬೇಸಿಗೆಯಲ್ಲಿ ಅದು ಮತ್ತೆ ಮೇಲೇರುತ್ತದೆ. ಕಡಲಮಟ್ಟ ಹೆಚ್ಚಿದಷ್ಟೂ ಬೆಣೆ ಒಳನಾಡಿಗೆ ಸರಿಯುತ್ತದೆ, ದಡದ ಬಾವಿಗಳು ಸವುಳಾಗುತ್ತವೆ.

ಇನ್ನು ಗಜನಿ ಗದ್ದೆಗಳು, ಅಂದರೆ ಉಪ್ಪುನೀರು ನುಗ್ಗದಂತೆ ಕಟ್ಟು ಹಾಕಿದ ಅಳಿವೆಯಂಚಿನ ತಗ್ಗು ಗದ್ದೆಗಳು. ಇಲ್ಲಿ ನಿಂತು ನೋಡಬೇಕಾದದ್ದು ಕಟ್ಟಿನಲ್ಲಿರುವ ತೂಬನ್ನು. ಇಳಿತದ ಹೊತ್ತಿಗೆ ಅದರ ಹಲಗೆ ತೆಗೆದರೆ ಒಳಗಿನ ಮಳೆನೀರು ಹೊಳೆಗೆ ಹೋಗುತ್ತದೆ, ಉಬ್ಬರಕ್ಕೆ ಮುಚ್ಚುತ್ತಾರೆ. ಇಳಿತದ ಮಟ್ಟವೇ ಏರಿದರೆ ನೀರು ಬಸಿಯಲು ಸಿಗುವ ಸಮಯ ಕಡಿಮೆಯಾಗುತ್ತದೆ. ಕಟ್ಟು ಒಡೆಯದಿದ್ದರೂ ಗದ್ದೆ ಕೆಡುವುದು ಹೀಗೆ. ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತಕ್ಕೂ ಒಂದು ಮಿತಿ ಇದೆ. ಪಠ್ಯಗಳು ಈ ತೂಬನ್ನು ಮರೆಯುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಥೆ ಬೇರೆ. ಉಪ್ಪಟಿ ಜಾತಿಯ ಮರದ ಸುತ್ತ ಪೆನ್ಸಿಲ್ ನೆಟ್ಟಂತೆ ಉಸಿರುಬೇರುಗಳು ನಿಂತಿರುತ್ತವೆ. ನೀರು ಹಿಂದೆ ಸರಿದಾಗ ಅವುಗಳ ಬುಡದಲ್ಲಿ ನುಣುಪಾದ ಹೊಸ ಕೆಸರು ಉಳಿಯುತ್ತದೆ. ಹೀಗೆ ಕಾಂಡ್ಲಾ ತನ್ನ ನೆಲವನ್ನು ತಾನೇ ಎತ್ತರಿಸಿಕೊಳ್ಳುತ್ತದೆ. ಕಡಲಮಟ್ಟದ ಏರಿಕೆ ವರ್ಷಕ್ಕೆ 7 ಮಿ.ಮೀ. ಮೀರಿದರೆ ಈ ಓಟದಲ್ಲಿ ಅದು ಸೋಲುವುದು ಬಹುತೇಕ ಖಚಿತ ಎಂದು ಅಧ್ಯಯನಗಳು ಹೇಳುತ್ತವೆ.

ಆ ಕೆಸರು ಬರುವುದು ಘಟ್ಟದಿಂದ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಆದ್ದರಿಂದ ಮೆಕ್ಕಲು ತಡೆಯಿಲ್ಲದೆ ಇಳಿದು ಬರುತ್ತದೆ. ಪಕ್ಕದ ಶರಾವತಿಯಲ್ಲಿ ಲಿಂಗನಮಕ್ಕಿ ಜಲಾಶಯ ಮೆಕ್ಕಲನ್ನು ಹಿಡಿದಿಡುತ್ತದೆ. ವಿದ್ಯುದಾಗಾರದಿಂದ ವರ್ಷವಿಡೀ ಬರುವ ಸಿಹಿನೀರಿನಿಂದ ಅಲ್ಲಿನ ಅಳಿವೆಯ ಉಪ್ಪು ತಗ್ಗಿ ಚಿಪ್ಪಿಕಲ್ಲುಗಳು ಕ್ಷೀಣಿಸಿವೆ. ಅಘನಾಶಿನಿಯಲ್ಲಿ ಇಂದಿಗೂ ಹೆಂಗಸರು ಇಳಿತದಲ್ಲಿ ಕೆಸರಿಗಿಳಿದು ಬಳಚು ಎಂಬ ಚಿಪ್ಪಿಗಳನ್ನು ಆರಿಸುತ್ತಾರೆ.

ಕೆಸರು ಸಾಲದಾದರೆ ಕಾಂಡ್ಲಾಕ್ಕೆ ಉಳಿಯುವ ದಾರಿ ಹಿಂದಕ್ಕೆ ಸರಿಯುವುದು. ಆದರೆ ಅದರ ಬೆನ್ನಿಗೆ ಗಜನಿಯ ಕಟ್ಟು, ಕಟ್ಟಿನಾಚೆ ಗದ್ದೆ, ಗದ್ದೆಯಾಚೆ ಮನೆಗಳು.